ನಿಮಗಿದು ಗೊತ್ತೇ? ಹೆಸರಿನೊಳಗೊಂದು ಕರಡಿ

ಮೆಡ್ವೆಡೆವ್ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ನೀವು ಎಷ್ಟೋ ಸಲ ಓದಿರುತ್ತೀರಿ. ರಷ್ಯನ್ನರ ಈ ಮನೆತನದ ಹೆಸರು ಹುಟ್ಟಿದ್ದು ಕರಡಿಯಿಂದ. ‘ಮೆಡ್ವೆಡ್’ ಎಂದರೆ ಕರಡಿ. ಹಿಂದೆ ಯಾರಿಗೋ ಇದ್ದ ಆ ಅಡ್ಡಹೆಸರೇ ಅವನ ಮಕ್ಕಳು ಮೊಮ್ಮಕ್ಕಳಿಗೂ ಅಂಟಿಕೊಂಡಿತು. ಹೆಂಗಸರಿಗಾದರೆ ಅದು ಮೆಡ್ವೆಡೆವಾ.

‘ಮೆಡ್ವೆಡ್’ ಪದದ ಮೂಲಾರ್ಥ ‘ಜೇನು ತಿನ್ನುವುದು’. ಮೊದಲರ್ಧ ನಮ್ಮ ‘ಮಧು’ವಿನ ಒಡಹುಟ್ಟು, ಉಳಿದರ್ಧ ‘ತಿನ್ನು’ ಎಂಬರ್ಥದ ಸಂಸ್ಕೃತ ಧಾತು ‘ಅದ್’ಗೆ ನೆಂಟ. ನಡುವಿನ ‘ವ’ ಎಲ್ಲಿಂದ ಬಂತು? ಶಾಲೆಯಲ್ಲಿ ಕಲಿತ ಯಣ್ ಸಂಧಿ ನೆನಪಿಸಿಕೊಳ್ಳಿ. ಮನು, ಅಂತರ ಸೇರಿದರೆ ಮನ್ವಂತರ. ಕರಡಿಯ ಹೆಸರಿನಲ್ಲೂ ಆಗಿರುವುದು ಇದೇ! ಋಗ್ವೇದದಲ್ಲಿ ‘ಮಧ್ವದ’ ಎಂಬ ಮಾತೇ ಇದೆ, ಆದರೆ ಅಲ್ಲಿ ಅದು ಹಕ್ಕಿಗಳ ಬಗ್ಗೆ.

ಕರಡಿಗೆ ಸಂಸ್ಕೃತದಲ್ಲಿ ಋಕ್ಷ, ಗ್ರೀಕಿನಲ್ಲಿ ಆರ್ಕ್ಟೋಸ್. ಎರಡೂ ಒಂದೇ ಬೇರಿನವು. ಸ್ಲಾವ್ ಜನರಲ್ಲಿ ಮಾತ್ರ ಆ ಹಳೆಯ ಪದ ಅಳಿದೇಹೋಯಿತು. ಹೆಸರು ಹಿಡಿದು ಕರೆದರೆ ಬಂದುಬಿಟ್ಟೀತೆಂಬ ಭಯವೇ ಕಾರಣ ಎನ್ನುತ್ತಾರೆ ಭಾಷಾ ವಿದ್ವಾಂಸರು. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿತು ಎನ್ನದೆ ‘ಹುಳ ಮುಟ್ಟಿತು’ ಎನ್ನುತ್ತಾರಲ್ಲ, ಹಾಗೆ.

ಈ ಮನೆತನದ ಹೆಸರು ಹೊತ್ತವರಲ್ಲಿ ದಿಮಿತ್ರಿ ಮೆಡ್ವೆಡೆವ್ 2008ರಿಂದ 2012ರವರೆಗೆ ರಷ್ಯಾದ ಅಧ್ಯಕ್ಷರು. ಯೆವ್ಗೇನಿಯಾ ಮೆಡ್ವೆಡೆವಾ 2016 ಮತ್ತು 2017ರಲ್ಲಿ ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್. ಟೆನಿಸ್‌ನಲ್ಲಿ ಒಂದೇ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಗೆಲ್ಲಲು ಹೊರಟಿದ್ದ ಜೊಕೊವಿಚ್‌ರನ್ನು 2021ರ ಅಮೆರಿಕ ಓಪನ್ ಫೈನಲ್‌ನಲ್ಲಿ ನೇರ ಸೆಟ್‌ಗಳಿಂದ ಮಣಿಸಿದವರು ದನಿಲ್ ಮೆಡ್ವೆಡೆವ್.

ಆದರೆ ಈ ಹೆಸರಿಗೆ ನಿಜವಾದ ಘನತೆ ತಂದವರು 1925ರಲ್ಲಿ ಹುಟ್ಟಿದ ಅವಳಿ ಸಹೋದರರು, ಜೋರೆಸ್ ಮತ್ತು ರಾಯ್. ಜೀವವಿಜ್ಞಾನಿ ಜೋರೆಸ್ ಸರ್ಕಾರವನ್ನು ಟೀಕಿಸಿದ್ದಕ್ಕೆ 1970ರಲ್ಲಿ ಅವರನ್ನು ಮನೆಯಿಂದಲೇ ಎಳೆದೊಯ್ದು 19 ದಿನ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ರಾಯ್ ಮತ್ತು ಗೆಳೆಯರು ಎಬ್ಬಿಸಿದ ಪ್ರತಿಭಟನೆ ಅವರನ್ನು ಹೊರತಂದಿತು. ಉರಲ್ ಪ್ರದೇಶದಲ್ಲಿ 1957ರಲ್ಲಿ ಪರಮಾಣು ತ್ಯಾಜ್ಯದ ತೊಟ್ಟಿಯೊಂದು ಸಿಡಿದಿತ್ತು. ಆ ಹೊತ್ತಿಗೆ ಲಂಡನ್ನಿನಲ್ಲಿದ್ದ ಜೋರೆಸ್ 1976ರಲ್ಲಿ ಅದನ್ನು ಹೊರಗೆಡಹಿದಾಗ ಪಶ್ಚಿಮದ ಪರಿಣತರೂ ನಂಬಲಿಲ್ಲ. ಆಗ ಜೋರೆಸ್ ಸೋವಿಯತ್ ವಿಜ್ಞಾನಿಗಳದೇ ಪ್ರಕಟಿತ ಲೇಖನಗಳನ್ನು ಹುಡುಕಿದರು. ವಿಕಿರಣ ತಗುಲಿದ ಕೆರೆ, ಮೀನು, ಗಿಡಗಳ ವಿವರ ಅಲ್ಲಿತ್ತು. ಜಾಗದ ಹೆಸರು, ಕಾರಣ ಇರಲಿಲ್ಲ. ಅವನ್ನೆಲ್ಲ ಒಂದೊಂದಾಗಿ ಜೋಡಿಸಿ 1979ರಲ್ಲಿ ಪುಸ್ತಕವನ್ನೇ ತಂದರು. ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1989ರಲ್ಲಿ.

ಸ್ಟಾಲಿನ್ ಕಾಲದ ಕ್ರೌರ್ಯವನ್ನು ದಾಖಲಿಸಿದ ಇತಿಹಾಸಕಾರ ರಾಯ್. ‘ರಾಯ್’ ಎಂಬ ಹೆಸರು ರಷ್ಯನ್ನರದ್ದಲ್ಲ. ತಂದೆ ಮಗನಿಗೆ ಇಟ್ಟದ್ದು ನಮ್ಮ ಕ್ರಾಂತಿಕಾರಿ ಎಂ.ಎನ್. ರಾಯ್ ಅವರ ಹೆಸರನ್ನು. ಆ ರಾಯ್ ಅವರ ಹುಟ್ಟುಹೆಸರು ನರೇಂದ್ರನಾಥ ಭಟ್ಟಾಚಾರ್ಯ.