ಪಡುಗಡಲ ಗಾಳಿ

ಕನ್ನಡದಲ್ಲಿ ಗಾಳಿಯನ್ನು ಕುರಿತ ಪದ್ಯಗಳಿಗೆ ಬರವಿಲ್ಲ. ಕರಾವಳಿಯ ಗಾಳಿಯೆಂದೊಡನೆ ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ ನೆನಪಿಗೆ ಬರುತ್ತದೆ. ಕವಿಯ ಕಿವಿಗೆ ಆಟವಾಗಿ ಕೇಳಿಸಿದ ಗಾಳಿಯನ್ನು ದುಡಿಮೆಗೆ ಹೂಡಬೇಕೆಂಬುದು ನಮ್ಮ ಕಾಲದ ಹಂಬಲ.

ಸಮುದ್ರದ ಮೇಲೆ ಗಾಳಿಗೆ ಬೆಟ್ಟವಿಲ್ಲ, ಮರವಿಲ್ಲ, ಮನೆಮಾರುಗಳ ಅಡ್ಡಿಯಿಲ್ಲ. ಆದುದರಿಂದ ಅಲ್ಲಿ ಅದು ನೆಲಕ್ಕಿಂತ ವೇಗವಾಗಿಯೂ ಒಂದೇ ಸಮನಾಗಿಯೂ ಬೀಸುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಡಗಿದ ಶಕ್ತಿ ಎಂಟು ಮಡಿಯಾಗುತ್ತದೆ. ಈ ಗಣಿತವನ್ನು ನೆಚ್ಚಿ ಡೆನ್ಮಾರ್ಕಿನವರು 1991ರಲ್ಲಿ ವಿಂಡೆಬಿ ಎಂಬಲ್ಲಿ ತೀರದಾಚೆ ಹನ್ನೊಂದು ಗಾಳಿಯಂತ್ರಗಳನ್ನು ನಿಲ್ಲಿಸಿದರು. ಅವೆಲ್ಲ ಸೇರಿಯೂ ಐದು ಮೆಗಾವಾಟ್ ಮುಟ್ಟಲಿಲ್ಲ. ಇಂದಿನ ಕಡಲಯಂತ್ರ ಒಂದೇ ಅದರ ಇಮ್ಮಡಿಯನ್ನು ಕೊಡಬಲ್ಲುದು. ಭಾರತ ಸರ್ಕಾರವು 2015ರಲ್ಲಿ ಇದಕ್ಕೊಂದು ನೀತಿಯನ್ನು ಪ್ರಕಟಿಸಿತು. 2024ರಲ್ಲಿ ಗುಜರಾತ್, ತಮಿಳುನಾಡುಗಳ ಕಡಲಲ್ಲಿ ತಲಾ 500 ಮೆಗಾವಾಟ್ ಸ್ಥಾವರಗಳಿಗೆ ಧನಸಹಾಯವನ್ನು ಮಂಜೂರು ಮಾಡಿತು.

ನಮ್ಮ ಕರಾವಳಿಯ ಗತಿಯೇನು? ಮುನ್ನೂರು ಕಿಲೋಮೀಟರ್ ಮೀರಿದ ತೀರವಿದ್ದರೂ, ಮೊದಲು ಗುರುತಿಸಿದ ವಲಯಗಳೆಲ್ಲ ಆ ಎರಡು ರಾಜ್ಯಗಳವೇ. ಇದಕ್ಕೆ ಮುನಿಯಬೇಕಾಗಿಲ್ಲ. ನಮ್ಮ ಪಡುಗಡಲಿನ ಬಿರುಗಾಳಿ ಮುಂಗಾರಿನ ನಾಲ್ಕು ತಿಂಗಳ ಅತಿಥಿ; ಉಳಿದ ಕಾಲದಲ್ಲಿ ಹಗಲು ಕಡಲಿಂದ, ಇರುಳು ನೆಲದಿಂದ ಸುಳಿಯುವ ತಂಗಾಳಿಯೇ ಹೆಚ್ಚು. ಬೆಂಗಳೂರಿನಲ್ಲಿ ವಿದ್ಯುತ್ತಿನ ಹಾಹಾಕಾರವೇಳುವುದಾದರೋ ಬೇಸಿಗೆಯಲ್ಲಿ! ಆದರೂ ಮುಂಗಾರಿನ ಗಾಳಿಯಿಂದ ವಿದ್ಯುತ್ತು ದೊರೆತಷ್ಟೂ ಜಲಾಶಯದ ನೀರನ್ನು ಬೇಸಿಗೆಗೆ ಕಾದಿಡಬಹುದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇದು ಸಣ್ಣ ಲಾಭವಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಲ್ಲಿ ನಂದಿನಿ ಲೇಔಟಿನಲ್ಲಿ ಗುಂಡಿಯೊತ್ತಿ ದೀಪ ಹಚ್ಚುವ ನಾವು ಶರಾವತಿಗೆ ಋಣಿಗಳು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಿತು. ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದವು, ಒಕ್ಕಲುಗಳು ಚದರಿದವು. ಅವರಿಗೆ ಸಲ್ಲಬೇಕಾದ ನೆಲದ ಹಕ್ಕಿನ ಮಾತು ದಶಕಗಳುರುಳಿದರೂ ಮುಗಿಯಲಿಲ್ಲ. ಅದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಗಾಳಿಯಂತ್ರಗಳು ನಮ್ಮ ಕಡಲಿಗೂ ಬಂದರೆ ಈ ಸಲ ಸ್ಥಳ ಬಿಡಬೇಕಾದವರು ಅಲ್ಲಿನ ಮೀನುಗಾರರು. ನೆಲಕ್ಕೆ ಪಹಣಿಯಾದರೂ ಉಂಟು. ಬಲೆ ಬೀಸುವ ನೀರಿಗೆ ಯಾವ ಪಹಣಿ? ದಡದಿಂದ ನೋಡುವವನಿಗೆ ಅದು ಬರಿಯ ಬಯಲು. ದೋಣಿಯವನಿಗೆ ಇಲ್ಲಿ ಬಂಡೆ, ಇಲ್ಲಿ ಕೆಸರು, ಇಲ್ಲಿ ಬಂಗುಡೆಯ ಹಾದಿ ಎಂದು ಹೊಲದಂತೆಯೇ ಅಂಗುಲಂಗುಲ ಪರಿಚಿತ. ಕಂಬಗಳ ನಡುವೆ, ತಳದಲ್ಲಿ ಹಾಸಿದ ವಿದ್ಯುತ್ ತಂತಿಗಳ ಮೇಲೆ, ಬಲೆಯೆಳೆಯುವುದು ಸುಲಭವಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಹೇಗೂ ದಡದಲ್ಲಿರುತ್ತವಲ್ಲ, ಕಂಬಗಳನ್ನು ಆಗ ನೆಡಬಾರದೆ ಎಂದು ಯಾರಾದರೂ ಕೇಳಬಹುದು. ಮಳೆಗಾಲದ ಆ ತೆರೆಗಳಲ್ಲಿ ಕಂಬ ನೆಡುವ ಹಡಗು ನಿಲ್ಲಲಾರದು. ಅದಕ್ಕೂ ತಿಳಿಗಡಲೇ ಬೇಕು. ಎಂದರೆ ಮಲ್ಪೆಯ, ಹೊನ್ನಾವರದ ದೋಣಿಗಳು ವರ್ಷದ ಅನ್ನಕ್ಕಾಗಿ ಹೊರಡುವ ತಿಂಗಳುಗಳೇ. ಆ ದಿನಗಳಲ್ಲಿ ನೀರು ಯಾರದೆಂಬುದನ್ನು ಮೊದಲ ನಕ್ಷೆ ಬರೆಯುವ ಮುನ್ನವೇ ಬಂದರುಗಳಿಗೆ ಹೋಗಿ ಕೇಳಬೇಕು.