ತೂಕ ಇಳಿದ್ರೆ ಓಟ ಚುರುಕಾಗುತ್ತಾ?

ಬೆಳಿಗ್ಗೆ ಎದ್ದು ಹಾಲು ಕಾಯೋಕೆ ಇಡೋ ಮೊದಲೇ ತೂಕದ ಯಂತ್ರದ ಮೇಲೆ ನಿಲ್ಲುವ ಅಭ್ಯಾಸ ನಿಮಗೂ ಇದೆಯಾ? ನಿನ್ನೆಗಿಂತ ಇನ್ನೂರು ಗ್ರಾಂ ಕಡಿಮೆ ಅಂದ್ರೆ ಖುಷಿ, ಜಾಸ್ತಿ ಅಂದ್ರೆ ಅವತ್ತಿನ ತಿಂಡಿಗೆ ಕತ್ತರಿ! ಅದರಲ್ಲೂ ನೀವು ಓಡೋಕೆ ಶುರು ಮಾಡಿದ್ದರೆ ಈ ಲೆಕ್ಕಾಚಾರ ಇನ್ನೂ ಹೆಚ್ಚು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ಬೆಳ್ಳಂಬೆಳಿಗ್ಗೆ ಕಬ್ಬನ್ ಪಾರ್ಕ್‌ನಲ್ಲೋ ಲಾಲ್‌ಬಾಗ್‌ನಲ್ಲೋ ಅಭ್ಯಾಸ ಮಾಡುವ ಗೃಹಿಣಿಯರನ್ನು ನೀವೂ ನೋಡಿರುತ್ತೀರಿ. ನಾನೂ ಅವರಲ್ಲೊಬ್ಬಳು.

ಎರಡನೇ ಮಗುವಾದ ಮೇಲೆ 68 ಕೆ.ಜಿ. ಇದ್ದೆ. ಓಡ್ತಾ ಓಡ್ತಾ ಒಂದು ವರ್ಷದಲ್ಲಿ 62ಕ್ಕೆ ಬಂದೆ. ಹತ್ತು ಕಿ.ಮೀ.ಗೆ 85 ನಿಮಿಷ ತಗೊಳ್ಳುತ್ತಿದ್ದವಳು 72ಕ್ಕೆ ಮುಗಿಸಿದೆ. ಇನ್ನೂ ಐದಾರು ಕೆ.ಜಿ. ಇಳಿಸಿದ್ರೆ ಇನ್ನೂ ಹತ್ತು ನಿಮಿಷ ಉಳಿಯುತ್ತೆ ಅಂತ ಆಸೆ ಹುಟ್ಟಿತು ನೋಡಿ! ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಿದೆ. ಮೂರೇ ತಿಂಗಳಿಗೆ 56 ಕೆ.ಜಿ. ಆದರೆ ಓಟ? ಮತ್ತೆ 78 ನಿಮಿಷಕ್ಕೆ ಹೋಯ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಣಿಗೆ ತುಂಬ ಕೂದಲು, ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಚುಚ್ಚುವ ನೋವು. ಎರಡು ತಿಂಗಳು ಮುಟ್ಟಾಗಲಿಲ್ಲ. "ಓಡೋರಿಗೆ ಇದೆಲ್ಲ ಮಾಮೂಲು ಬಿಡ್ರೀ" ಅಂದರು ಜೊತೆಗೆ ಓಡುವ ಒಬ್ಬರು. ತಿಂಗಳ ರಗಳೆ ತಪ್ಪಿತಲ್ಲ ಅಂತ ನಾನೂ ಒಳಗೊಳಗೇ ಖುಷಿಪಟ್ಟೆ.

ಮಾಮೂಲಲ್ಲ ಅಂತ ಗೊತ್ತಾಗಿದ್ದು ಲೇಡಿ ಡಾಕ್ಟರ್ ಹತ್ತಿರ ಹೋದಾಗ. ಹಿಮೋಗ್ಲೋಬಿನ್ 9.8, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೇ ರಕ್ತಹೀನತೆ. ಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು! ಎಂಟು ವಾರ ಓಟ ಬಂದ್.

ಏನಾಗಿತ್ತು ಗೊತ್ತಾ? ಓಟ ಅಂದ್ರೆ ನಮ್ಮ ಮೈಭಾರ ನಾವೇ ಹೊತ್ತು ಸಾಗೋದು. ಒಂದು ಕಿ.ಮೀ. ಓಡಿದರೆ ಪ್ರತಿ ಕೆ.ಜಿ. ಮೈತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತೆ. 60 ಕೆ.ಜಿ.ಯವರು 5 ಕಿ.ಮೀ. ಓಡಿದರೆ 300 ಕ್ಯಾಲೊರಿ. ಹಾಗಾಗಿ ಹೆಚ್ಚುವರಿ ಕೊಬ್ಬು ಕರಗಿದರೆ ಓಟ ಹಗುರಾಗೋದು ನಿಜವೇ. ನನ್ನ ಮೊದಲ ಆರು ಕೆ.ಜಿ. ಹಾಗೆ ಹೋಗಿದ್ದು. ಆದರೆ ಇಳಿದದ್ದು ಕೊಬ್ಬೋ, ಸ್ನಾಯುವೋ, ನೀರೋ ಅಂತ ತೂಕದ ಯಂತ್ರ ಹೇಳಲ್ಲ. ಊಟ ಬಿಟ್ಟು ಅವಸರದಲ್ಲಿ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನೆಲವನ್ನು ಒದ್ದು ಮುಂದಕ್ಕೆ ತಳ್ಳೋದು ಅದೇ ಸ್ನಾಯು ತಾನೇ?

ಇನ್ನೊಂದು, ಓಟಕ್ಕೆ ಖರ್ಚಾಗಿ ಮಿಕ್ಕ ಶಕ್ತಿ ಸಾಲದೆ ಹೋದಾಗ ದೇಹ ಜಾಣ ಗೃಹಿಣಿಯಂತೆ ಖರ್ಚು ಕಡಿತ ಮಾಡುತ್ತೆ. ಅಂಡೋತ್ಪತ್ತಿ, ಮುಟ್ಟು ನಿಲ್ಲುತ್ತವೆ. ಈಸ್ಟ್ರೋಜೆನ್ ಹಾರ್ಮೋನ್ ಇಳಿದು ಮೂಳೆ ಸೊರಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ 'ರೆಡ್-ಎಸ್' ಅಂತ ಹೆಸರಿಟ್ಟರು. ಪದಕ ಗೆಲ್ಲೋರಿಗೆ ಮಾತ್ರ ಬರೋ ತೊಂದರೆ ಇದಲ್ಲ, ಅಡುಗೆ ಮುಗಿಸಿ ಪಾರ್ಕಿಗೆ ಓಡುವ ನಮಗೂ ಬರುತ್ತೆ.

ಗಂಡನ ಜೊತೆ ಪೈಪೋಟಿಯಂತೂ ಬೇಡ. ಗಂಡಸರಿಗೆ ಮೈತೂಕದ ಶೇ. 3ರಷ್ಟು ಕೊಬ್ಬು ಅತ್ಯಗತ್ಯವಾದರೆ ನಮಗೆ ಶೇ. 12ರಷ್ಟು ಬೇಕೇ ಬೇಕು. ಅದು ಅತ್ಯಂತ ಕನಿಷ್ಠ ಮಿತಿ, ಅಲ್ಲಿಗೆ ಇಳೀಬೇಕು ಅಂತಲ್ಲ. ಇನ್ನು ಕೊಬ್ಬಿನ ಪ್ರಮಾಣ ತೋರಿಸುವ ಮನೆಯ ಯಂತ್ರಗಳು ಪಾದದಿಂದ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತವೆ. ಮೈಯಲ್ಲಿ ನೀರು ಹೆಚ್ಚುಕಮ್ಮಿಯಾದರೆ ಅಂಕಿಯೂ ಬದಲು. ಅದಕ್ಕಿಂತ ಟೈಲರ್ ಟೇಪ್ ವಾಸಿ! ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು.

ನಾನೀಗ ಏನು ಮಾಡ್ತೀನಿ ಹೇಳಲಾ? ಓಡೋಕೆ ಮೊದಲು ಒಂದು ಬಾಳೆಹಣ್ಣು. ಬಂದ ಮೇಲೆ ಒಂದು ಗಂಟೆಯೊಳಗೆ ಹೊಟ್ಟೆ ತುಂಬ ತಿಂಡಿ. ಅದರಲ್ಲಿ ಮೊಟ್ಟೆಯೋ, ಹೆಸರುಬೇಳೆ ಕೋಸಂಬರಿಯೋ, ಮೊಳಕೆ ಕಾಳಿನ ಪಲ್ಯವೋ ಇರಲೇಬೇಕು. ಸೊಪ್ಪು, ಕಾಳಿಗೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಕಾಫಿ ಒಂದು ಗಂಟೆ ಆಮೇಲೆ (ಇದೇ ಕಷ್ಟ!). ಮಧ್ಯಾಹ್ನ ರಾಗಿಮುದ್ದೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ವಾರಕ್ಕೆರಡು ದಿನ ಓಟದ ಬದಲು ಕುರ್ಚಿಯಿಂದ ಕೂತು ಏಳೋದು, ನೀರು ತುಂಬಿದ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿ ಇಳಿಸೋದು. ಸ್ನಾಯು ಬೆಳೆಸೋಕೆ ಜಿಮ್ಮೇ ಬೇಕಿಲ್ಲ.

ಮುಟ್ಟು ನಿಂತರೆ, ಮೂಳೆಯ ಒಂದೇ ಜಾಗದಲ್ಲಿ ನೋವು ಮುಂದುವರಿದರೆ ಮಾತ್ರ ಯಾರ ಮಾತೂ ಕೇಳದೆ ಡಾಕ್ಟರ್ ಹತ್ತಿರ ಹೋಗಿ. ಗರ್ಭ, ಥೈರಾಯ್ಡ್ ಇತ್ಯಾದಿ ಪರೀಕ್ಷೆ ಮೊದಲು ಆಗಬೇಕು. ಓಡ್ತೀನಿ, ಊಟ ಕಮ್ಮಿ ಮಾಡಿದೀನಿ ಅನ್ನೋದನ್ನು ಮುಚ್ಚಿಡಬೇಡಿ.

ಅಂದ ಹಾಗೆ, ಈಗ ನನ್ನ ತೂಕ 61 ಕೆ.ಜಿ., ಓಟ 70 ನಿಮಿಷ. ತೂಕದ ಯಂತ್ರ ಹಳೇ ಪೇಪರ್ ತೂಗೋಕೆ ಬಳಕೆಯಾಗ್ತಿದೆ.