ಬಿಟ್ಟ ಉಸಿರನ್ನೇ ಮತ್ತೆ ಎಳೆಯುವ ವಿದ್ಯೆ

ನೇತ್ರಾವತಿಯಲ್ಲೋ ಫಲ್ಗುಣಿಯಲ್ಲೋ ಯಾರಾದರೂ ಮುಳುಗಿದ ಸುದ್ದಿ ಬಂದರೆ ಮೊದಲು ನೀರಿಗೆ ಇಳಿಯುವವರು ಹೆಚ್ಚಾಗಿ ಆ ಊರಿನ ಹುಡುಗರೇ. ಪಾಣೆಮಂಗಳೂರು ಸೇತುವೆಯ ಬಳಿ ಗೂಡಿನಬಳಿಯ ಈಜುಗಾರರು ಹೊಳೆಗೆ ಧುಮುಕಿದ ಸುದ್ದಿ ನಮ್ಮ ಓದುಗರಿಗೆ ಹೊಸತಲ್ಲ. ಇಂಥವರ ಬಳಿ ಎಷ್ಟೋ ಸಲ ಇರುವ ಸಲಕರಣೆ ಒಂದೇ: ಎದೆ ತುಂಬ ಎಳೆದುಕೊಂಡ ಉಸಿರು. ಮನೆಯಲ್ಲಿ ಉಮ್ಮ "ನೀರಿಗೆ ಇಳಿಯಬೇಡ ಮೋನೇ" ಎಂದು ಹೇಳುತ್ತಲೇ ಇರುತ್ತಾರೆ. ಹುಡುಗರು ಇಳಿಯುತ್ತಲೇ ಇರುತ್ತಾರೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಸೆಳೆತದ ಮುಂದೆ ನೌಕಾಪಡೆಯ ಮುಳುಗುಗಾರರೇ ಕಾಯಬೇಕಾಯಿತು. ಮಲ್ಪೆಯ ಈಶ್ವರ ಮಲ್ಪೆಯವರೂ ಅಲ್ಲಿ ನೀರಿಗಿಳಿದು ಹುಡುಕಿದರು. ಕೇರಳದ ಚಾಲಕನಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನೀರಿನೊಳಗೆ ಧೈರ್ಯ ಒಂದೇ ಸಾಲದು ಎಂಬುದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. ಹಾಗಾದರೆ ಧೈರ್ಯದ ಜೊತೆಗೆ ಏನು ಬೇಕು? ಇದಕ್ಕೆ ಉತ್ತರ ಹುಡುಕುವವರು 'ರೀಬ್ರೀದರ್' ಎಂಬ ಯಂತ್ರವನ್ನು ಕಲಿಸುವ ಕ್ರಮವನ್ನು ಒಮ್ಮೆ ತಿಳಿದುಕೊಳ್ಳಬೇಕು.

ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿದವರು ನಮ್ಮಲ್ಲೂ ಸಾಕಷ್ಟು ಇದ್ದಾರೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಉಸಿರೆಳೆಯುವುದು, ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗುವುದು, ಇಷ್ಟೇ ಆ ವ್ಯವಸ್ಥೆ. ಆದರೆ ಇದರಲ್ಲಿ ನಷ್ಟ ಬಹಳ. ನಾವು ಎಳೆಯುವ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕ ಇರುತ್ತದೆ, ಬಿಡುವ ಉಸಿರಿನಲ್ಲಿ ಇನ್ನೂ ಶೇ. 16ರಷ್ಟು ಉಳಿದಿರುತ್ತದೆ. ಅದೆಲ್ಲ ಗುಳ್ಳೆಯ ಪಾಲು. ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಸಿಲಿಂಡರ್ ಖಾಲಿಯಾಗುವ ವೇಗವೂ ನಾಲ್ಕು ಪಟ್ಟು.

ರೀಬ್ರೀದರ್ ಈ ಸೋರಿಕೆಯನ್ನು ತಡೆಯುತ್ತದೆ. ಬಿಟ್ಟ ಉಸಿರು ಕೊಳವೆಯ ಮೂಲಕ ಒಂದು ಡಬ್ಬಿಗೆ ಹೋಗುತ್ತದೆ. ಡಬ್ಬಿಯಲ್ಲಿರುವುದು ಸುಣ್ಣದ ಜಾತಿಯ ಹರಳು, ಸೋಡಾ ಲೈಮ್. ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ದೇಹ ಬಳಸಿದಷ್ಟು ಆಮ್ಲಜನಕವನ್ನು ಒಂದು ಸಣ್ಣ ಸಿಲಿಂಡರ್ ತುಂಬಿಕೊಡುತ್ತದೆ. ಅದೇ ಉಸಿರು ಮತ್ತೆ ಬಾಯಿಗೆ. ಗುಳ್ಳೆ ಇಲ್ಲ, ಸದ್ದಿಲ್ಲ, ಗಂಟೆಗಟ್ಟಲೆ ಕೆಳಗಿರಬಹುದು. ನೌಕಾಪಡೆಗಳು ಇದನ್ನು ಬಳಸುವುದೂ ಅದಕ್ಕೇ.

ಈ ಯಂತ್ರ ಇಂದು ನಿನ್ನೆಯದಲ್ಲ. 1878ರಲ್ಲಿ ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷ್ ನಾವಿಕ ಬಳಕೆಗೆ ಒದಗುವಂಥ ಮೊದಲ ರೀಬ್ರೀದರ್ ತಯಾರಿಸಿದ. 1879ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ನಡುವೆ ಕಟ್ಟುತ್ತಿದ್ದ ಸೆವರ್ನ್ ರೈಲು ಸುರಂಗಕ್ಕೆ ನೀರು ನುಗ್ಗಿತ್ತು. ಒಳಗಿನ ಕಬ್ಬಿಣದ ಬಾಗಿಲು ಮುಚ್ಚದೆ ನೀರು ಖಾಲಿ ಮಾಡುವಂತಿರಲಿಲ್ಲ. 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಫ್ಲೂಸನ ಯಂತ್ರ ಕಟ್ಟಿಕೊಂಡು ಕಗ್ಗತ್ತಲಲ್ಲಿ ಸುಮಾರು ಸಾವಿರ ಅಡಿ ನಡೆದ. ಮೊದಲ ಸಲ ಬಾಗಿಲಿಗೆ ಅಡ್ಡವಾಗಿದ್ದ ಹಳಿಗಳಲ್ಲಿ ಒಂದನ್ನು ಮಾತ್ರ ಕಿತ್ತು, ಕೆಲಸ ಅರ್ಧಕ್ಕೇ ಬಿಟ್ಟು ಹಿಂದೆ ಬಂದ. ಮತ್ತೊಮ್ಮೆ ಹೋಗಿ ಬಾಗಿಲು ಮುಚ್ಚಿದ. ಅರ್ಧಕ್ಕೇ ಹಿಂದೆ ಬಂದಿದ್ದರಿಂದಲೇ ಎರಡನೇ ಸಲ ಹೋಗಲು ಅವನು ಬದುಕಿದ್ದ.

ಹೀಗೆ ಹಿಂದೆ ಬರುವುದನ್ನು ಕಲಿಸುವುದೇ ತಾಳ್ಮೆಯ ಗುರುವಿನ ದೊಡ್ಡ ಕೆಲಸ. ಯಾಕೆಂದರೆ ರೀಬ್ರೀದರ್‌ನಲ್ಲಿ ಅಪಾಯ ಹೇಳಿ ಕೇಳಿ ಬರುವುದಿಲ್ಲ. ಉಸಿರು ಕಟ್ಟಿದಾಗ ನಮಗೆ ಆಗುವ ಚಡಪಡಿಕೆ ಆಮ್ಲಜನಕ ಕಡಿಮೆಯಾಗಿದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದ್ದಕ್ಕೆ. ದೇಹದ ಎಚ್ಚರಿಕೆಯ ಗಂಟೆ ಅದು. ಯಂತ್ರ ಆ ಅನಿಲವನ್ನೇ ತೆಗೆದುಹಾಕುವುದರಿಂದ ಗಂಟೆ ಬಾರಿಸುವುದೇ ಇಲ್ಲ. ಆಮ್ಲಜನಕ ತೀರಿದರೂ ಹಾಯಾಗಿಯೇ ಅನಿಸುತ್ತದೆ, ಮರುಕ್ಷಣ ಪ್ರಜ್ಞೆ ಇಲ್ಲ. ಹೆಚ್ಚಾದರೂ ಕಷ್ಟ: ಶುದ್ಧ ಆಮ್ಲಜನಕವನ್ನು 6 ಮೀಟರ್‌ಗಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬರುವ ಅಪಾಯವಿದೆ. ಡಬ್ಬಿಗೆ ನೀರು ನುಗ್ಗಿದರೆ ಸುಣ್ಣದ ಖಾರ ನೀರು ಬಾಯಿ ಗಂಟಲು ಸುಡುತ್ತದೆ.

ಹಾಗಾಗಿ ಪಾಠ ಶುರುವಾಗುವುದು ನೀರಿನಲ್ಲಿ ಅಲ್ಲ, ಮೇಜಿನ ಮೇಲೆ. ಯಂತ್ರ ಬಿಚ್ಚುವುದು, ಜೋಡಿಸುವುದು, ಹರಳನ್ನು ಸಂದು ಉಳಿಯದಂತೆ ತುಂಬುವುದು, ಆಮ್ಲಜನಕ ಅಳೆಯುವ ಸೆನ್ಸರ್‌ಗಳನ್ನು ಒಂದರ ಜೊತೆ ಒಂದು ಹೋಲಿಸುವುದು. ನೀರಿಗಿಳಿಯುವ ಮುಂಚೆ ದಡದಲ್ಲೇ ಕೂತು ಐದು ನಿಮಿಷ ಯಂತ್ರದಿಂದ ಉಸಿರಾಡಿ ನೋಡಬೇಕು. ಪಟ್ಟಿ ಬಾಯಿಪಾಠ ಬಂದರೂ ಕೈಯಲ್ಲಿ ಹಿಡಿದು ಓದಿಯೇ ಗುರುತು ಹಾಕಬೇಕು. ಒಂದು ಸಾಲು ತಪ್ಪಿದರೆ ಮೊದಲಿಂದ. ಒಳ್ಳೆಯ ಗುರು ಗದರುವುದಿಲ್ಲ, ಹಾಗಂತ ಬಿಡುವುದೂ ಇಲ್ಲ.

ಈಜುಕೊಳಕ್ಕೆ ಇಳಿದ ಮೇಲೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಮಾಮೂಲಿ ಸ್ಕೂಬಾದಲ್ಲಿ ಉಸಿರೆಳೆದರೆ ದೇಹ ಸ್ವಲ್ಪ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ರೀಬ್ರೀದರ್‌ನಲ್ಲಿ ಗಾಳಿ ಶ್ವಾಸಕೋಶದಿಂದ ಚೀಲಕ್ಕೆ, ಚೀಲದಿಂದ ಶ್ವಾಸಕೋಶಕ್ಕೆ ಹೋಗಿಬಂದು ಮಾಡುತ್ತದೆ ಅಷ್ಟೇ, ದೇಹ ಅಲ್ಲಾಡುವುದಿಲ್ಲ. ನೂರಾರು ಸಲ ಮುಳುಗಿದವನೂ ಇಲ್ಲಿ ಒಂದನೇ ಕ್ಲಾಸು! ತನಗೆಲ್ಲ ಗೊತ್ತು ಎಂದುಕೊಂಡವನಿಗೇ ಇದು ಕಷ್ಟ. ಆಮೇಲೆ ಬರುವುದು 'ಬೇಲ್‌ಔಟ್' ಪಾಠ. ಏನೋ ಸರಿ ಇಲ್ಲ ಅನಿಸಿದ ಕೂಡಲೇ, ಕಾರಣ ಹುಡುಕುತ್ತಾ ಕೂರದೆ, ಪಕ್ಕದಲ್ಲಿ ಕಟ್ಟಿಕೊಂಡ ಬೇರೆ ಸಿಲಿಂಡರ್‌ನಿಂದ ಉಸಿರಾಡುತ್ತಾ ನಿಧಾನವಾಗಿ ಮೇಲೆ ಬರಬೇಕು. ಕೈ ತನ್ನಷ್ಟಕ್ಕೆ ಹೋಗುವವರೆಗೂ ಇದನ್ನೇ ಮಾಡಿಸುತ್ತಾರೆ.

ಬೆಟ್ಟಕ್ಕೂ ಈ ವಿದ್ಯೆಗೂ ಒಂದು ನಂಟಿದೆ. ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತಿ, ಆ ಕಡೆ ಪಾಲಾರ್‌ಗೆ ಇಳಿದರೆ ಕಾವೇರಿ. ಅದರಾಚೆ 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು. ನೀರು ತುಂಬಿದಾಗ ಅದರ ಮಟ್ಟ ಸಮುದ್ರದಿಂದ 790 ಅಡಿ, ಬೆಟ್ಟವೋ ಮೂರು ಸಾವಿರ ಅಡಿ ಆಸುಪಾಸು. ಅಲ್ಲಿ ಆಳಕ್ಕೆ ಮುಳುಗಿ ಎದ್ದವನು ಕೂಡಲೇ ಗಾಡಿ ಹತ್ತಿ ಬೆಟ್ಟ ಏರಿದರೆ, ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೈಯೊಳಗೇ ಗುಳ್ಳೆ ಕಟ್ಟಬಹುದು. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು. ನೇತ್ರಾಣಿಯಲ್ಲಿ ಸ್ಕೂಬಾ ಮುಗಿಸಿ ಅದೇ ಸಂಜೆ ಘಾಟಿ ಹತ್ತಿ ಬೆಂಗಳೂರಿಗೆ ಹೊರಡುವವರೂ ಇದನ್ನು ನೆನಪಿಡಬೇಕು. ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯುವುದು ವಿಮಾನಕ್ಕೆ ಹೇಳಿದ ನಿಯಮ. ಎತ್ತರದ ದಾರಿಗೂ ಅದನ್ನೇ ಪಾಲಿಸುವುದು ಕ್ಷೇಮ.

ಹಾಗಂತ ನಮ್ಮ ಹೊಳೆಗಳಲ್ಲಿ ಹುಡುಕಾಟಕ್ಕೆ ರೀಬ್ರೀದರೇ ಬೇಕು ಅಂತಲ್ಲ. ಅದರ ಬೆಲೆ ಲಕ್ಷಗಟ್ಟಲೆ. ಕೆಸರು ನೀರಿನಲ್ಲಿ ಮೀಟರ್ ಓದುವುದೇ ಕಷ್ಟ. ಅಲ್ಲಿಗೆ ಸೊಂಟಕ್ಕೆ ಕಟ್ಟಿದ ಹಗ್ಗ, ಆ ಹಗ್ಗ ಹಿಡಿದು ಮೇಲೆ ನಿಂತ ಒಬ್ಬ ಜೊತೆಗಾರ, ಇನ್ನೊಬ್ಬ ತಯಾರಾಗಿರುವ ಮುಳುಗುಗಾರ, ಇವೇ ಮುಖ್ಯ. ಆದರೆ ಆ ಯಂತ್ರದ ಪಾಠ ಯಂತ್ರವಿಲ್ಲದವರಿಗೂ ಸಲ್ಲುತ್ತದೆ.

ನಮ್ಮ ಹುಡುಗರು ಮುಳುಗುವ ಮೊದಲು ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಡುವುದುಂಟು. ಹೀಗೆ ಮಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಅಂದರೆ ಎಚ್ಚರಿಕೆಯ ಗಂಟೆಯನ್ನು ನಾವೇ ಕಿತ್ತಿಟ್ಟ ಹಾಗೆ. ಇನ್ನೂ ಇರಬಲ್ಲೆ ಅನಿಸುತ್ತಿರುವಾಗಲೇ, ಹೆಚ್ಚಾಗಿ ಮೇಲೆ ಬರುವ ಹೊತ್ತಿಗೆ, ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಸಾಯುವುದು.

ಮೊಹಲ್ಲಾದ ಯುವಕ ಸಂಘಗಳು ರಕ್ತದಾನ ಶಿಬಿರ ಮಾಡುವ ಹಾಗೆಯೇ, ಮಳೆಗಾಲಕ್ಕೆ ಮೊದಲು ಹೊಳೆಬದಿಯ ಹುಡುಗರನ್ನು ಕೂರಿಸಿ ಅಗ್ನಿಶಾಮಕ ದಳದವರಿಂದ ಒಂದು ದಿನದ ಪಾಠ ಹೇಳಿಸಬಹುದು. ಒಂದು ಉದ್ದದ ಹಗ್ಗ, ನಾಲ್ಕು ಲೈಫ್ ಜಾಕೆಟ್, ಕೈಯಲ್ಲಿ ಹಿಡಿದು ಓದುವ ಒಂದು ಪಟ್ಟಿ. ಬೇರೆಯವರ ಮಗನನ್ನು ಹುಡುಕಲು ಇಳಿದವನೂ ಒಬ್ಬ ಉಮ್ಮನ ಮಗನೇ ಅಲ್ವಾ?